ಹಬ್ಬ ಯಾವತ್ತು ಅಂತ ಯಾರು ಹೇಳಬೇಕು? ಯಹೂದಿ ಚಿಂತನೆಯಲ್ಲಿ ಕಾಲ

ಎಲ್ಲರಿಗೂ ನಮಸ್ಕಾರ. ಮಾತಾಡಿದ್ದನ್ನು ಆಮೇಲೆ ಬರೆದಿಟ್ಟ ಬರಹ ಇದು, ಹಾಗಾಗಿ ಮಾತಿನ ಧಾಟಿ ಹಾಗೇ ಉಳಿದಿದೆ. ಅವತ್ತು ಹೊತ್ತಾಯಿತು ಅಂತ ಬಿಟ್ಟುಬಿಟ್ಟ ಒಂದೆರಡು ಸಂಗತಿಗಳು ಇಲ್ಲಿ ಸೇರಿಕೊಂಡಿವೆ.

ತಾಲ್ಮುಡ್‌ನ ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ತಾಲ್ಮುಡ್ ಅಂದರೆ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಚರ್ಚೆಗಳ ದೊಡ್ಡ ಸಂಗ್ರಹ. ಒಬ್ಬ ಮನುಷ್ಯ ಮರುಭೂಮಿಯಲ್ಲಿ ದಾರಿ ತಪ್ಪಿಸಿಕೊಂಡಿದ್ದಾನೆ. ದಿನಗಳ ಲೆಕ್ಕವೂ ತಪ್ಪಿಹೋಗಿದೆ. ಇವತ್ತು ಮಂಗಳವಾರವೋ ಶನಿವಾರವೋ ಗೊತ್ತಿಲ್ಲ. ಆದರೆ ಅವನು ಯಹೂದಿ. ಏಳನೇ ದಿನ ಕೆಲಸ ಬಿಟ್ಟು ಶಬ್ಬಾತ್ (ಕನ್ನಡ ಬೈಬಲ್ಲಿನಲ್ಲಿ ಇದು ಸಬ್ಬತ್) ಆಚರಿಸಲೇಬೇಕು. ಈಗ ಏನು ಮಾಡಬೇಕು?

ರಾವ್ ಹೂನಾ ಅನ್ನೋ ರಬ್ಬಿ ಹೇಳುತ್ತಾನೆ: ಇವತ್ತಿನಿಂದ ಆರು ದಿನ ಎಣಿಸಲಿ, ಏಳನೆಯದನ್ನು ಶಬ್ಬಾತ್ ಅಂತ ಆಚರಿಸಲಿ. ಹಿಯ್ಯಾ ಬಾರ್ ರಾವ್ ಅನ್ನೋ ಇನ್ನೊಬ್ಬ ಒಪ್ಪುವುದಿಲ್ಲ. ಮೊದಲು ಒಂದು ದಿನ ಆಚರಿಸಿಬಿಡಲಿ, ಆಮೇಲೆ ಆರು ದಿನ ಎಣಿಸಲಿ ಅನ್ನುತ್ತಾನೆ. ಇದು ಸುಮ್ನೆ ಮೊಂಡುವಾದ ಅಲ್ಲ. ದೇವರು ಆರು ದಿನ ಸೃಷ್ಟಿ ಮಾಡಿ ಏಳನೇ ದಿನ ವಿರಮಿಸಿದ, ಮೊದಲನೆಯವನ ಲೆಕ್ಕ ಅದು. ಆದರೆ ಆದಾಮ ಹುಟ್ಟಿದ್ದು ಆರನೇ ದಿನ, ಅಂದರೆ ಅವನು ಕಂಡ ಮೊದಲ ಪೂರ್ತಿ ದಿನವೇ ಶಬ್ಬಾತ್. ಎರಡನೆಯವನ ಲೆಕ್ಕ ಮನುಷ್ಯನ ಕಡೆಯಿಂದ.

ಚರ್ಚೆ ಇಲ್ಲಿಗೇ ನಿಲ್ಲುವುದಿಲ್ಲ. ಯಾವ ದಿನ ಬೇಕಾದರೂ ನಿಜವಾದ ಶಬ್ಬಾತ್ ಆಗಿರಬಹುದಲ್ಲ? ಹಾಗಾಗಿ ಅವನು ಪ್ರತಿದಿನ ಜೀವ ಉಳಿಸಿಕೊಳ್ಳಲು ಬೇಕಾದಷ್ಟೇ ಕೆಲಸ ಮಾಡಬೇಕು. ತಾನು ಗೊತ್ತುಮಾಡಿಕೊಂಡ ದಿನದಲ್ಲೂ ಅಷ್ಟು ಮಾಡಬಹುದು. ಹಾಗಾದರೆ ಆ ದಿನಕ್ಕೂ ಬೇರೆ ದಿನಕ್ಕೂ ಏನು ವ್ಯತ್ಯಾಸ? ದಿನವನ್ನು ಬರಮಾಡಿಕೊಳ್ಳುವ ಕಿದ್ದೂಶ್ ಅನ್ನೋ ಪ್ರಾರ್ಥನೆ, ಬೀಳ್ಕೊಡುವ ಹವ್ದಾಲಾ ಅನ್ನೋ ಪ್ರಾರ್ಥನೆ. ಅಷ್ಟೇ.

ನನ್ನ ಮಟ್ಟಿಗೆ ಯಹೂದಿ ಚಿಂತನೆಯಲ್ಲಿ ಕಾಲದ ಬಗ್ಗೆ ಇರುವ ಮುಖ್ಯ ಮಾತೆಲ್ಲ ಈ ಮರುಭೂಮಿಯವನ ಪಾಡಿನಲ್ಲಿದೆ. ಒಂದು ಶಬ್ಬಾತ್ ಅವನಿಗೆ ಗೊತ್ತಿಲ್ಲದ ಹಾಗೆ ಬಂದು ಹೋಗುತ್ತಿರುತ್ತದೆ. ಇನ್ನೊಂದನ್ನು ಅವನೇ ಎಣಿಸಿ, ಬಾಯಿಬಿಟ್ಟು ಹೇಳಿ, ಶಬ್ಬಾತ್ ಮಾಡಿಕೊಳ್ಳುತ್ತಾನೆ. ಧರ್ಮಶಾಸ್ತ್ರ ಎರಡನ್ನೂ ಬಿಡುವುದಿಲ್ಲ. ಕಾಲ ಅಂದರೆ ತಾನಾಗಿ ಬರುವ ಸಂಗತಿಯೋ, ಮನುಷ್ಯ ಕೈ ಹಾಕಿ ಮಾಡುವ ಸಂಗತಿಯೋ? ಈ ಜಗ್ಗಾಟವನ್ನೇ ಇವತ್ತು ಹಿಡಿದುಕೊಂಡು ಹೋಗೋಣ.

ಈ ವಿಷಯ ಎತ್ತಿದ ಕೂಡಲೇ ಎಲ್ಲರೂ ಹೇಳುವ ಹೆಸರು ಅಬ್ರಹಾಂ ಜೋಶುವಾ ಹೆಶೆಲ್. 1907ರಲ್ಲಿ ವಾರ್ಸಾದಲ್ಲಿ ಹುಟ್ಟಿದವರು. ನಾಜಿಗಳು 1938ರಲ್ಲಿ ಅವರನ್ನು ಜರ್ಮನಿಯಿಂದ ಪೋಲೆಂಡಿಗೆ ಅಟ್ಟಿದರು. ಮರುವರ್ಷ ಪೋಲೆಂಡಿನ ಮೇಲೆ ದಾಳಿ ಆಗುವ ಕೆಲವೇ ವಾರ ಮೊದಲು ಹೇಗೋ ಅಲ್ಲಿಂದ ಪಾರಾದರು. ಆಮೇಲೆ ಅಮೆರಿಕದಲ್ಲಿ ಪಾಠ ಹೇಳಿದರು, 1965ರಲ್ಲಿ ಸೆಲ್ಮಾದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ಮೆರವಣಿಗೆಯಲ್ಲಿ ನಡೆದರು. 1951ರಲ್ಲಿ ಶಬ್ಬಾತ್ ಬಗ್ಗೆ ಅವರದೊಂದು ಪುಟ್ಟ ಪುಸ್ತಕ ಬಂತು. ಶಬ್ಬಾತ್ ಅಂದರೆ ಕಾಲದಲ್ಲಿ ಕಟ್ಟಿದ ಅರಮನೆ ಅನ್ನುತ್ತಾರೆ ಅದರಲ್ಲಿ. ಅವರ ವಾದ ಸರಳ: ತೋರಾದಲ್ಲಿ, ಅಂದರೆ ಬೈಬಲ್ಲಿನ ಮೊದಲ ಐದು ಪುಸ್ತಕಗಳಲ್ಲಿ, ಮೊದಲು ಪವಿತ್ರ ಅಂತ ಕರೆಸಿಕೊಳ್ಳುವುದು ಬೆಟ್ಟವಲ್ಲ, ನದಿಯಲ್ಲ, ಗುಡಿಯೂ ಅಲ್ಲ, ಒಂದು ದಿನ. ಆದಿಕಾಂಡದ ಎರಡನೇ ಅಧ್ಯಾಯದ ಮೂರನೇ ವಾಕ್ಯ ತೆಗೆದು ನೋಡಿ, ದೇವರು ಏಳನೇ ದಿನವನ್ನು ಪವಿತ್ರ ಮಾಡುತ್ತಾನೆ. ಜಾಗ ಆಮೇಲಿನದು.

ಚೆಂದದ ಮಾತು, ನಿಜ. ಮನೆಮಠ ಎಲ್ಲ ಸುಟ್ಟುಹೋದ ಮೇಲೆ ಬರೆದ ಮಾತು ಅನ್ನೋದನ್ನೂ ಮರೆಯಬಾರದು. ಆದರೆ ನನಗೆ ಅದು ಅರ್ಧ ನಿಜ ಅಂತಲೇ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ. ಶಬ್ಬಾತ್ ದಿನ ಏನೇನು ಮಾಡಬಾರದು ಅಂತ ಮಿಶ್ನಾ (ತಾಲ್ಮುಡ್‌ಗೆ ಬುನಾದಿಯಾದ ಹಳೆಯ ಧರ್ಮಶಾಸ್ತ್ರ ಗ್ರಂಥ) 39 ಬಗೆಯ ಕೆಲಸಗಳ ಪಟ್ಟಿ ಕೊಡುತ್ತದೆ. ನಲವತ್ತಕ್ಕೆ ಒಂದು ಕಡಿಮೆ ಅಂತ ಅದರ ಲೆಕ್ಕ. ಉಳುವುದು, ಬಿತ್ತುವುದು, ಹಿಟ್ಟು ನಾದುವುದು, ನೂಲುವುದು, ಗಂಟು ಹಾಕುವುದು, ಗಂಟು ಬಿಚ್ಚುವುದು, ಎರಡು ಅಕ್ಷರ ಬರೆಯುವುದು, ಬೆಂಕಿ ಹಚ್ಚುವುದು, ಆರಿಸುವುದು. ಈ ಪಟ್ಟಿ ಎಲ್ಲಿಂದ ಬಂತು? ಮರುಭೂಮಿಯಲ್ಲಿ ಇಸ್ರಾಯೇಲರು ದೇವರಿಗಾಗಿ ಗುಡಾರ ಕಟ್ಟಲು ಮಾಡಿದ ಕೆಲಸಗಳೇ ಇವು ಅನ್ನುತ್ತಾರೆ ರಬ್ಬಿಗಳು. ಅಂದರೆ ಕಾಲದ ಅರಮನೆಗೆ ನಕ್ಷೆ ಕೊಟ್ಟಿದ್ದೇ ಒಂದು ಜಾಗ. ಇವತ್ತಿಗೂ ಪ್ರಾರ್ಥನೆ ಮಾಡುವವರು ಮುಖ ಮಾಡುವುದು ಜೆರುಸಲೇಮಿನ ಕಡೆಗೆ. ಏಳನೇ ವರ್ಷ ಹೊಲವನ್ನು ಬೀಳುಬಿಡುವ ನಿಯಮ ಆ ನಾಡಿನ ನೆಲಕ್ಕೆ ಮಾತ್ರ. ಹಾಗಾಗಿ ಯಹೂದಿಗಳಿಗೆ ಜಾಗ ಬೇಡ, ಕಾಲ ಸಾಕು ಅನ್ನೋದು ಚರಿತ್ರೆಗೆ ಹೊಂದುವ ಮಾತಲ್ಲ. ಕೈಯಲ್ಲಿದ್ದ ಜಾಗ ಹೋದಾಗ ಹೊತ್ತುಕೊಂಡು ಹೋಗಲು ಅವರಿಗೆ ಉಳಿದದ್ದು ಕಾಲ. ಅಷ್ಟು ಹೇಳಿದರೆ ಒಪ್ಪಬಹುದು.

ಎಷ್ಟು ದೂರ ಹೊತ್ತರು ಅನ್ನೋದಕ್ಕೆ ನಮ್ಮ ದೇಶದಲ್ಲೇ ಒಂದು ಉದಾಹರಣೆ ಇದೆ. ಕೊಂಕಣ ಕರಾವಳಿಯಲ್ಲಿ, ಈಗಿನ ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ, ಬೆನೆ ಇಸ್ರಾಯೇಲ್ ಅನ್ನೋ ಯಹೂದಿ ಸಮುದಾಯ ಎಣ್ಣೆ ಗಾಣ ನಡೆಸಿಕೊಂಡು ಬದುಕಿತ್ತು. ಮರಾಠಿ ಮಾತಾಡುತ್ತಿದ್ದರು, ಉಡುಗೆ ತೊಡುಗೆ ಎಲ್ಲ ಅಲ್ಲಿಯದೇ. ಆದರೆ ಶನಿವಾರ ಮಾತ್ರ ಗಾಣ ತಿರುಗುತ್ತಿರಲಿಲ್ಲ. ಅಕ್ಕಪಕ್ಕದವರು ಅವರಿಗೆ ಇಟ್ಟ ಹೆಸರು ‘ಶನಿವಾರ್ ತೇಲಿ’, ಅಂದರೆ ಶನಿವಾರದ ಗಾಣಿಗರು. ದೇವಾಲಯದಿಂದಲ್ಲ, ಪುಸ್ತಕದಿಂದಲೂ ಅಲ್ಲ, ಕೆಲಸ ನಿಲ್ಲಿಸುವ ದಿನದಿಂದ ಗುರುತಿಸಿಕೊಂಡ ಜನ.

ಶಬ್ಬಾತ್‌ಗೆ ತೋರಾ ಕೊಡುವ ಕಾರಣ ಎರಡು. ವಿಮೋಚನಕಾಂಡದ ದಶಾಜ್ಞೆಗಳಲ್ಲಿ, ದೇವರು ಏಳನೇ ದಿನ ವಿರಮಿಸಿದ, ನೀವೂ ವಿರಮಿಸಿ ಅಂತಿದೆ. ಧರ್ಮೋಪದೇಶಕಾಂಡದಲ್ಲಿ ಅದೇ ಆಜ್ಞೆ ಮತ್ತೆ ಬರುತ್ತದೆ, ಆದರೆ ಕಾರಣ ಬೇರೆ: ನೀವು ಈಜಿಪ್ಟಿನಲ್ಲಿ ಗುಲಾಮರಾಗಿದ್ದಿರಿ, ನೆನಪಿರಲಿ, ನಿಮ್ಮ ಆಳುಕಾಳುಗಳೂ ಎತ್ತು ಕತ್ತೆಗಳೂ ಅವತ್ತು ಸುಧಾರಿಸಿಕೊಳ್ಳಲಿ. ನನಗೆ ಈ ಎರಡನೇ ಕಾರಣ ಜಾಸ್ತಿ ಇಷ್ಟ. ಗುಲಾಮ ಅಂದರೆ ಯಾರು? ತನ್ನ ಹೊತ್ತು ತನ್ನ ಕೈಯಲ್ಲಿ ಇಲ್ಲದವನು, ಅಲ್ವಾ? ಬಿಡುಗಡೆ ಆಗಲಿರುವ ಜನಕ್ಕೆ ಅವರ ನಾಯಕ ಮೋಶೆಯ ಮೂಲಕ ಬರುವ ಮೊದಲ ಆಜ್ಞೆಯೂ ಪಂಚಾಂಗದ್ದೇ. ಇನ್ನೂ ಈಜಿಪ್ಟ್ ಬಿಟ್ಟಿಲ್ಲ, ಅಷ್ಟರಲ್ಲೇ ‘ಈ ತಿಂಗಳು ನಿಮಗೆ ಮೊದಲ ತಿಂಗಳಾಗಲಿ’ ಅಂತ ಹೇಳಿಯಾಯಿತು.

ಇಲ್ಲಿಂದ ಪಂಚಾಂಗದ ವಿಷಯಕ್ಕೆ ಬರೋಣ. ಯಹೂದಿ ತಿಂಗಳು ಚಂದ್ರನ ಲೆಕ್ಕ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ, ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಹಾಗೇ ಬಿಟ್ಟರೆ ರಂಜಾನಿನ ಹಾಗೆ ಹಬ್ಬಗಳು ವರ್ಷವೆಲ್ಲ ಸುತ್ತುತ್ತವೆ. ಆದರೆ ಈಜಿಪ್ಟಿನಿಂದ ಬಿಡುಗಡೆ ಆದದ್ದನ್ನು ನೆನೆಯುವ ಪಸ್ಕ ಹಬ್ಬ ವಸಂತದಲ್ಲೇ ಬರಬೇಕು ಅಂತ ತೋರಾ ಹೇಳುತ್ತದೆ. ಅದಕ್ಕೆ ನಮ್ಮ ಅಧಿಕಮಾಸದ ಹಾಗೇ ಒಂದು ತಿಂಗಳು ಸೇರಿಸುತ್ತಾರೆ, 19 ವರ್ಷಕ್ಕೆ ಏಳು ಸಲ. ನಮ್ಮಲ್ಲಿ ಅಧಿಕ ಶ್ರಾವಣ, ಅಧಿಕ ಆಷಾಢ ಅಂತ ಬೇರೆ ಬೇರೆ ತಿಂಗಳಿಗೆ ಬರುತ್ತದೆ, ಅಲ್ಲಿ ಯಾವಾಗಲೂ ಅದಾರ್ ತಿಂಗಳಿಗೇ.

ಈಗ ಇದೆಲ್ಲ ಲೆಕ್ಕ ಹಾಕಿಟ್ಟ ಪಂಚಾಂಗ. ಮೊದಲು ಹೀಗಿರಲಿಲ್ಲ. ಬಿದಿಗೆ ಚಂದ್ರನನ್ನು ಕಣ್ಣಾರೆ ಕಂಡವರು ಬಂದು ನ್ಯಾಯಸಭೆಯ ಮುಂದೆ ಸಾಕ್ಷಿ ಹೇಳಬೇಕಿತ್ತು. ರಬ್ಬಿಗಳು ಸಾಕ್ಷಿಗಳನ್ನು ಬಿಡಿಬಿಡಿಯಾಗಿ ವಿಚಾರಿಸುತ್ತಿದ್ದರು. ಚಂದ್ರನ ಬೇರೆ ಬೇರೆ ಆಕಾರಗಳ ಚಿತ್ರವನ್ನೇ ಸಭೆಯ ಮುಖ್ಯಸ್ಥ ರಬ್ಬಾನ್ ಗಮ್ಲಿಯೇಲ್ ಗೋಡೆಗೆ ಹಾಕಿಕೊಂಡಿದ್ದ, ನೀನು ನೋಡಿದ್ದು ಇಂಥದ್ದೋ ಅಂಥದ್ದೋ ಅಂತ ಕೇಳಲು. ನಂಬಿಕೆ ಬಂದರೆ ಸಭೆ ಘೋಷಿಸುತ್ತಿತ್ತು. ಘೋಷಿಸಿದ ಮೇಲೆ ಮಾತ್ರ ಹೊಸ ತಿಂಗಳು. ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹಚ್ಚಿ ಸುದ್ದಿ ಮುಟ್ಟಿಸುತ್ತಿದ್ದರು. ಆಗದವರು ಸುಳ್ಳು ಬೆಂಕಿ ಹಚ್ಚಿ ಗೊಂದಲ ಮಾಡಿದ ಮೇಲೆ ದೂತರನ್ನು ಕಳಿಸುವ ಪದ್ಧತಿ ಬಂತು. ದೂರದ ಊರುಗಳಿಗೆ ಸುದ್ದಿ ಹೊತ್ತಿಗೆ ಸರಿಯಾಗಿ ಮುಟ್ಟದೆ ಇದ್ದದ್ದರಿಂದ ಅಲ್ಲಿಯವರು ಅನುಮಾನಕ್ಕೆ ಎರಡೆರಡು ದಿನ ಹಬ್ಬ ಮಾಡಿದರು. ಈಗ ಅನುಮಾನವೇ ಇಲ್ಲ, ಆದರೂ ಇಸ್ರೇಲಿನ ಹೊರಗಿನ ಸಂಪ್ರದಾಯಸ್ಥರು ಆ ಎರಡನೇ ದಿನವನ್ನು ಬಿಟ್ಟಿಲ್ಲ.

ಮಿಶ್ನಾದ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಜೆರುಸಲೇಮಿನ ದೇವಾಲಯ ಕ್ರಿ.ಶ. 70ರಲ್ಲಿ ಹಾಳಾದ ಮೇಲಿನ ಮಾತು, ನ್ಯಾಯಸಭೆ ಯವ್ನೆ ಅನ್ನೋ ಊರಲ್ಲಿ ಸೇರುತ್ತಿತ್ತು. ಇಬ್ಬರು ಬಂದು ಚಂದ್ರನನ್ನು ಕಂಡೆವು ಅಂದರು. ಆದರೆ ಮಾರನೇ ರಾತ್ರಿ ಚಂದ್ರ ಕಾಣಲೇ ಇಲ್ಲ! ಗಮ್ಲಿಯೇಲ್ ಆ ಸಾಕ್ಷ್ಯವನ್ನು ಒಪ್ಪಿಬಿಟ್ಟ. ರಬ್ಬಿ ದೋಸಾ ಸಿಟ್ಟಾದ. ಹೆಂಗಸು ಹೆತ್ತಳು ಅಂತ ಹೇಳುತ್ತಾರೆ, ಮರುದಿನ ನೋಡಿದರೆ ಹೊಟ್ಟೆ ಹಾಗೇ ಇದೆ, ಇದೆಂಥ ಸಾಕ್ಷಿ ಅಂದ. ರಬ್ಬಿ ಯೆಹೋಶುವನಿಗೂ ಅದೇ ಸರಿ ಅನ್ನಿಸಿತು. ಗಮ್ಲಿಯೇಲ್ ಯೆಹೋಶುವನಿಗೆ ಹೇಳಿ ಕಳಿಸಿದ: ‘ನಿನ್ನ ಲೆಕ್ಕದ ಪ್ರಕಾರ ಯಾವತ್ತು ಯೋಮ್ ಕಿಪ್ಪೂರ್ ಬರುತ್ತದೋ ಅವತ್ತು ಊರುಗೋಲು, ದುಡ್ಡಿನ ಚೀಲ ಹಿಡಿದುಕೊಂಡು ನನ್ನ ಹತ್ತಿರ ಬಾ.’ ಯೋಮ್ ಕಿಪ್ಪೂರ್ ಅಂದರೆ ವರ್ಷದ ಅತಿ ಪವಿತ್ರ ಉಪವಾಸದ ದಿನ. ಅವತ್ತು ದುಡ್ಡು ಮುಟ್ಟುವುದು, ಪ್ರಯಾಣ ಮಾಡುವುದು ಅಂದರೆ ತನ್ನ ಲೆಕ್ಕವನ್ನು ತಾನೇ ಎಲ್ಲರೆದುರು ತುಳಿದಂತೆ.

ಯೆಹೋಶುವ ಸಂಕಟದಲ್ಲಿ ಬಿದ್ದ. ಆಗ ರಬ್ಬಿ ಅಕೀವಾ ಬಂದು ಹೇಳಿದ: ಹಬ್ಬಗಳನ್ನು ನೀವು ಸಾರಬೇಕು ಅಂತ ತೋರಾ ಹೇಳಿದೆ. ಹೊತ್ತಿಗೆ ಸರಿಯಾಗಿ ಸಾರಿದರೂ ಅಷ್ಟೇ, ಹೊತ್ತು ತಪ್ಪಿ ಸಾರಿದರೂ ಅಷ್ಟೇ, ಇವನ್ನು ಬಿಟ್ಟರೆ ದೇವರಿಗೆ ಬೇರೆ ಹಬ್ಬಗಳಿಲ್ಲ. ದೋಸಾ ಕೂಡ ಸಿಟ್ಟು ಇಳಿದ ಮೇಲೆ ಬೇರೆ ಮಾತಾಡಿದ. ಈ ಸಭೆಯನ್ನು ಪ್ರಶ್ನೆ ಮಾಡಿದರೆ ಮೋಶೆಯ ಕಾಲದಿಂದ ಬಂದ ಎಲ್ಲ ಸಭೆಗಳನ್ನೂ ಪ್ರಶ್ನೆ ಮಾಡಬೇಕಾಗುತ್ತದೆ ಅಂದ. ಯೆಹೋಶುವ ಊರುಗೋಲು, ದುಡ್ಡು ತೆಗೆದುಕೊಂಡು ಯವ್ನೆಗೆ ನಡೆದ. ಗಮ್ಲಿಯೇಲ್ ಎದ್ದುನಿಂತು ಅವನ ತಲೆಗೆ ಮುತ್ತಿಟ್ಟ. ‘ಬಾ, ನನ್ನ ಗುರುವೇ, ನನ್ನ ಶಿಷ್ಯನೇ’ ಅಂದ. ಗುರು ಯಾಕೆಂದರೆ ಜ್ಞಾನದಲ್ಲಿ ದೊಡ್ಡವನು, ಶಿಷ್ಯ ಯಾಕೆಂದರೆ ಮಾತು ಕೇಳಿದ.

ಈ ಕಥೆ ಓದಿದಾಗಲೆಲ್ಲ ನನಗೆ ಗಮ್ಲಿಯೇಲ್ ಮೇಲೆ ಸಿಟ್ಟು ಬರುತ್ತದೆ. ಆ ಮುತ್ತು ಸಿಟ್ಟನ್ನು ಪೂರ್ತಿ ಇಳಿಸುವುದಿಲ್ಲ. ಚಂದ್ರನ ವಿಷಯದಲ್ಲಿ ಯೆಹೋಶುವ ಸರಿ ಇದ್ದಿರಬಹುದು. ಆದರೆ ಕಥೆ ಅದನ್ನು ಕೇಳುತ್ತಲೇ ಇಲ್ಲ. ಊರೆಲ್ಲ ಒಂದೇ ದಿನ ಉಪವಾಸ ಮಾಡಬೇಕು, ಅದು ಆಕಾಶದ ಸತ್ಯಕ್ಕಿಂತ ದೊಡ್ಡದು ಅನ್ನುತ್ತದೆ. ಇನ್ನೊಂದು ಕಥೆಯಂತೂ ಇದನ್ನು ಸ್ವರ್ಗಕ್ಕೇ ಒಯ್ಯುತ್ತದೆ. ಹೊಸ ವರ್ಷ ಯಾವತ್ತು ಅಂತ ದೇವದೂತರು ದೇವರನ್ನು ಕೇಳುತ್ತಾರಂತೆ. ನನ್ನನ್ನೇನು ಕೇಳುತ್ತೀರಿ, ನಾವೆಲ್ಲ ಹೋಗಿ ಕೆಳಗಿನ ನ್ಯಾಯಸಭೆಯನ್ನು ಕೇಳೋಣ ಬನ್ನಿ ಅನ್ನುತ್ತಾನಂತೆ ದೇವರು. ಪ್ರಾರ್ಥನೆಗಳಲ್ಲೂ ಈ ಭೇದ ಇದೆ. ಶಬ್ಬಾತ್‌ನಲ್ಲಿ ‘ಶಬ್ಬಾತನ್ನು ಪವಿತ್ರಗೊಳಿಸುವವನು’ ಅಂತ ದೇವರನ್ನು ಹೊಗಳುತ್ತಾರೆ. ಹಬ್ಬಗಳಲ್ಲಿ ‘ಇಸ್ರಾಯೇಲನ್ನೂ ಕಾಲಗಳನ್ನೂ ಪವಿತ್ರಗೊಳಿಸುವವನು’ ಅನ್ನುತ್ತಾರೆ. ತಾಲ್ಮುಡ್ ಕೊಡುವ ವಿವರಣೆ ಇದು: ಶಬ್ಬಾತ್ ಸೃಷ್ಟಿಯಿಂದಲೇ ನಿಂತದ್ದು, ಹಬ್ಬಗಳನ್ನು ಜನ ಪವಿತ್ರಗೊಳಿಸುತ್ತಾರೆ, ಆ ಜನವನ್ನು ದೇವರು.

ಹಳೇ ಕಾಲದ ತಕರಾರು ಅಂತ ತಳ್ಳಿಹಾಕಬೇಡಿ. 1941ರಲ್ಲಿ ಯುರೋಪಿನಿಂದ ಜೀವ ಉಳಿಸಿಕೊಂಡು ಓಡಿಬಂದ ಯಹೂದಿ ನಿರಾಶ್ರಿತರು ಜಪಾನಿನ ಕೋಬೆಯಲ್ಲಿದ್ದರು. ಅವರಿಗೊಂದು ಭಯಂಕರ ಅನುಮಾನ ಬಂತು. ದಿನ ಬದಲಾಗುವ ರೇಖೆ ಯಹೂದಿ ಶಾಸ್ತ್ರದ ಪ್ರಕಾರ ಎಲ್ಲಿದೆ? ಜಪಾನು ಅದರ ಈಚೆಗಿದೆಯೋ ಆಚೆಗಿದೆಯೋ? ಆಚೆಗಿದ್ದರೆ ಅಲ್ಲಿನವರ ಭಾನುವಾರವೇ ನಿಜವಾದ ಶಬ್ಬಾತ್. ಯೋಮ್ ಕಿಪ್ಪೂರ್ ಹತ್ತಿರ ಬಂತು, ಜೆರುಸಲೇಮಿಗೆ ತಂತಿ ಹೊಡೆದರು. ಮುಖ್ಯ ರಬ್ಬಿ ಹೆರ್ಜೋಗ್ ಪಂಡಿತರ ಸಭೆ ಕರೆದರು. ಊರಿನ ಲೆಕ್ಕದಂತೆ ಬುಧವಾರ ಉಪವಾಸ ಮಾಡಿ ಅಂತ ತೀರ್ಮಾನ ಆಯಿತು. ಹಜೋನ್ ಇಷ್ ಅಂತ ಹೆಸರಾದ ರಬ್ಬಿ ಕಾರೆಲಿಟ್ಸ್ ಮಾತ್ರ, ಇಲ್ಲ, ಬುಧವಾರ ಊಟ ಮಾಡಿ, ಗುರುವಾರ ಉಪವಾಸ ಮಾಡಿ ಅಂದರು. ಕೆಲವರು ಎರಡೂ ದಿನ ಉಪವಾಸ ಇದ್ದರು. ಮರುಭೂಮಿಯವನಾದರೂ ಒಬ್ಬನೇ ಇದ್ದ, ಇಲ್ಲಿ ಇಡೀ ಗುಂಪಿಗೇ ದಿನ ಯಾವುದು ಅಂತ ಗೊತ್ತಾಗದ ಪಾಡು.

ತತ್ವಶಾಸ್ತ್ರ ಎಲ್ಲಿ ಅಂತ ಕೇಳುತ್ತೀರಿ. ಬಂತು. ಮಧ್ಯಯುಗದ ಯಹೂದಿ ದಾರ್ಶನಿಕರಿಗೆ ತಲೆನೋವಾಗಿದ್ದ ಪ್ರಶ್ನೆ ಬೇರೆ: ಕಾಲಕ್ಕೆ ಮೊದಲು ಅಂತ ಇದೆಯೇ? ಅರಿಸ್ಟಾಟಲ್ ಪ್ರಕಾರ ಕಾಲ ಅಂದರೆ ಚಲನೆಯ ಅಳತೆ, ಜಗತ್ತಿಗೆ ಶುರುವೇ ಇಲ್ಲ. ತೋರಾ ಶುರುವಾಗುವುದೇ ‘ಆದಿಯಲ್ಲಿ’ ಅಂತ. ಬಾಗ್ದಾದಿನ ಸುತ್ತ ಬದುಕಿದ ಸಾದಿಯಾ ಗಾವೋನ್ (882–942) ಕೊಟ್ಟ ಉತ್ತರ ಹೀಗಿದೆ: ಹಿಂದೆ ಹೋದಷ್ಟೂ ಕಾಲ ಮುಗಿಯದೆ ಇದ್ದರೆ, ಅಷ್ಟು ಉದ್ದದ ದಾರಿ ದಾಟಿಕೊಂಡು ಈ ಕ್ಷಣ ನಮ್ಮ ತನಕ ಬರಲು ಸಾಧ್ಯವೇ ಇರಲಿಲ್ಲ, ನಾವು ಇದ್ದೇವೆ, ಆದ್ದರಿಂದ ಶುರು ಇದೆ.

ಮೈಮೊನಿಡೀಸ್ (1138–1204) ಇದಕ್ಕಿಂತ ಜಾಣ. ಕಾಲವೂ ಸೃಷ್ಟಿಯಾದ ವಸ್ತುಗಳಲ್ಲಿ ಒಂದು ಅನ್ನುತ್ತಾನೆ. ಚಲನೆ ಇಲ್ಲದೆ ಕಾಲ ಇಲ್ಲ, ಚಲಿಸುವ ವಸ್ತು ಇಲ್ಲದೆ ಚಲನೆ ಇಲ್ಲ. ಸೃಷ್ಟಿಗೆ ‘ಮೊದಲು’ ದೇವರು ಇದ್ದ ಅಂತ ನಾವು ಹೇಳುವಾಗ ಆ ‘ಮೊದಲು’ ನಮ್ಮ ಕಲ್ಪನೆ ಮಾತ್ರ. ಅವನಲ್ಲಿ ನನಗೆ ಹಿಡಿಸುವುದು ಪ್ರಾಮಾಣಿಕತೆ. ಜಗತ್ತು ಅನಾದಿ ಅಂತ ಅರಿಸ್ಟಾಟಲ್ ನಿಜವಾಗಿ ಸಾಬೀತು ಮಾಡಿದ್ದರೆ ತೋರಾದ ವಾಕ್ಯಗಳಿಗೆ ಬೇರೆ ಅರ್ಥ ಹೇಳಬಹುದಿತ್ತು, ಅದೇನು ಕಷ್ಟವಲ್ಲ, ಆದರೆ ಅವನು ಸಾಬೀತು ಮಾಡಿಲ್ಲವಲ್ಲ ಅನ್ನುತ್ತಾನೆ!

ಇಬ್ಬರನ್ನೂ ಅಲುಗಾಡಿಸಿದವನು ಸ್ಪೇನಿನ ಹಸ್ದಾಯ್ ಕ್ರೆಸ್ಕಾಸ್. 1391ರ ಗಲಭೆಯಲ್ಲಿ ಬಾರ್ಸೆಲೋನಾದಲ್ಲಿ ಅವನ ಒಬ್ಬನೇ ಮಗ ಕೊಲೆಯಾದ. ಅಂಥ ಮನುಷ್ಯ 1410ರಲ್ಲಿ ಮುಗಿಸಿದ ಗ್ರಂಥದಲ್ಲಿ ಅರಿಸ್ಟಾಟಲನ ಬುಡಕ್ಕೇ ಕೈ ಹಾಕಿದ. ಚಲಿಸದೆ ನಿಂತಿರುವುದಕ್ಕೂ ಹೊತ್ತು ಸಾಗುತ್ತದೆ, ಹಾಗಾದರೆ ಕಾಲಕ್ಕೆ ಚಲನೆಯ ಹಂಗು ಯಾಕೆ? ಎರಡು ಕ್ಷಣಗಳ ನಡುವಿನ ಅವಧಿಯನ್ನು ಅಳೆಯುವುದು ಮನಸ್ಸು. ಅಲ್ಲಿಗೆ ಸೃಷ್ಟಿಗೆ ಮೊದಲೂ ಕಾಲ ಇತ್ತು ಅನ್ನಲು ಅಡ್ಡಿ ಇಲ್ಲ. ಈ ವಾದಗಳು ಬುದ್ಧಿಗೆ ಒಳ್ಳೆಯ ಕಸರತ್ತು. ಆದರೂ ನನಗೆ ಯವ್ನೆಯ ನ್ಯಾಯಸಭೆಯಲ್ಲಿ ಕಾಲದ ಬಗ್ಗೆ ಇವಕ್ಕಿಂತ ಹೊಸ ಮಾತು ಇದೆ ಅನ್ನಿಸುತ್ತದೆ.

ಆಗಿಹೋದದ್ದಕ್ಕೆ ಕೈ ಹಾಕಬಹುದೇ? ಪಸ್ಕ ಹಬ್ಬದ ರಾತ್ರಿ ಪ್ರತಿಯೊಬ್ಬನೂ ತಾನೇ ಈಜಿಪ್ಟಿನಿಂದ ಹೊರಟುಬಂದೆ ಅಂತ ಭಾವಿಸಬೇಕು ಅನ್ನುತ್ತದೆ ಮಿಶ್ನಾ. ಅಜ್ಜಂದಿರು ಬಂದರು ಅಂದರೆ ಸಾಲದು. ಪಶ್ಚಾತ್ತಾಪದ ವಿಷಯದಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ರೇಶ್ ಲಾಕಿಶ್ ಅನ್ನೋ ರಬ್ಬಿ, ಒಂದು ಕಾಲಕ್ಕೆ ದರೋಡೆಕೋರನಾಗಿದ್ದ ಅಂತ ತಾಲ್ಮುಡ್ಡೇ ಹೇಳುತ್ತದೆ, ಅವನ ಮಾತು ಇದು: ಪ್ರೀತಿಯಿಂದ ಪಶ್ಚಾತ್ತಾಪಪಟ್ಟರೆ ಬೇಕೆಂದೇ ಮಾಡಿದ ಪಾಪವೂ ಪುಣ್ಯವಾಗುತ್ತದೆ. ಮನ್ನಾ ಆಗುತ್ತದೆ ಅಂತ ಮಾತ್ರ ಅಲ್ಲ, ಪುಣ್ಯವೇ ಆಗುತ್ತದೆ. 20ನೇ ಶತಮಾನದಲ್ಲಿ ರಬ್ಬಿ ಜೋಸೆಫ್ ಸೊಲೊವೈಚಿಕ್ ಇದನ್ನೇ ಹಿಡಿದು ಬೆಳೆಸಿದರು. ನಡೆದ ಘಟನೆ ಬದಲಾಗದು, ಆದರೆ ಅದು ಯಾವುದಕ್ಕೆ ಕಾರಣ ಆಯಿತು ಅನ್ನೋದು ಮುಂದೆ ನಾವು ಏನು ಮಾಡುತ್ತೇವೆ ಅನ್ನುವುದರ ಮೇಲೆ ನಿಂತಿದೆ ಅನ್ನೋ ಅರ್ಥದಲ್ಲಿ.

ತಾಲ್ಮುಡ್‌ನಲ್ಲಿ ಮೋಶೆ ತನಗಿಂತ ಸಾವಿರಕ್ಕೂ ಹೆಚ್ಚು ವರ್ಷ ಆಮೇಲೆ ಬಂದ ಅಕೀವಾನ ಪಾಠಕ್ಕೆ ಹೋಗಿ ಎಂಟನೇ ಸಾಲಿನ ಹಿಂದೆ ಕೂರುತ್ತಾನೆ. ಏನೂ ಅರ್ಥ ಆಗುವುದಿಲ್ಲ, ಎದೆ ಕುಸಿಯುತ್ತದೆ. ಒಬ್ಬ ಶಿಷ್ಯ, ಇದೆಲ್ಲ ನಿಮಗೆ ಎಲ್ಲಿಂದ ಗೊತ್ತು ಅಂತ ಕೇಳಿದಾಗ ಅಕೀವಾ, ಸೀನಾಯಿ ಬೆಟ್ಟದಲ್ಲಿ ಮೋಶೆಗೆ ಸಿಕ್ಕ ನಿಯಮ ಇದು ಅನ್ನುತ್ತಾನೆ! ಮೋಶೆಗೆ ಸಮಾಧಾನ. ಆದರೆ ಕಥೆ ನಗುತ್ತಾ ಮುಗಿಯುವುದಿಲ್ಲ. ಇಂಥವನಿಗೆ ಏನು ಫಲ ಅಂತ ಮೋಶೆ ಕೇಳುತ್ತಾನೆ. ರೋಮನ್ನರು ಕೊಂದ ಅಕೀವಾನ ಮಾಂಸವನ್ನು ಅಂಗಡಿಯಲ್ಲಿ ತೂಗುತ್ತಿರುವುದು ಕಾಣುತ್ತದೆ. ಇದೇ ಫಲವೇ ಅಂದರೆ, ಸುಮ್ಮನಿರು ಅನ್ನುತ್ತಾನೆ ದೇವರು.

ಫ್ರಾಂಜ್ ರೋಸೆನ್‌ಜ್ವೈಗ್ ಬಗ್ಗೆ ಎರಡೇ ಮಾತು. ಮೊದಲ ಮಹಾಯುದ್ಧದಲ್ಲಿ ಬಾಲ್ಕನ್ ರಣರಂಗದಿಂದ ತಾಯಿಗೆ ಅಂಚೆ ಕಾರ್ಡುಗಳಲ್ಲಿ ಬರೆದು ಕಳಿಸುತ್ತಾ ಒಂದು ದೊಡ್ಡ ಗ್ರಂಥ ಶುರು ಮಾಡಿದರು, ಅದು 1921ರಲ್ಲಿ ಅಚ್ಚಾಯಿತು. ಬೇರೆ ಜನಾಂಗಗಳು ನೆಲ, ರಾಜ್ಯ, ಯುದ್ಧಗಳ ಮೂಲಕ ಇತಿಹಾಸದಲ್ಲಿ ಬದುಕುತ್ತವೆ, ಯಹೂದಿಗಳು ಹಬ್ಬಗಳ ಚಕ್ರದ ಮೂಲಕ ಅನಂತದಲ್ಲಿ ಈಗಲೇ ಬದುಕುತ್ತಾರೆ ಅಂದರು. 1929ರಲ್ಲಿ ತೀರಿಕೊಂಡರು. ಅದಾದ ಮೇಲೆ ನಡೆದ ನರಮೇಧವನ್ನೂ 1948ರಲ್ಲಿ ಹುಟ್ಟಿದ ರಾಜ್ಯವನ್ನೂ ನೆನೆದರೆ ಆ ಪುಟಗಳನ್ನು ಓದುವುದು ಕಷ್ಟ.

ಇನ್ನು ಮುಂದೆ ಬರುವ ಕಾಲ. ಜನರನ್ನು ಬಿಡಿಸಲು ಮೆಸ್ಸೀಯ ಅನ್ನೋ ಉದ್ಧಾರಕ ಬರುತ್ತಾನೆ ಅಂತ ಕಾಯಬೇಕು, ಯಾವತ್ತು ಅಂತ ಲೆಕ್ಕ ಹಾಕಬಾರದು. ಲೆಕ್ಕ ಹಾಕುವವರ ಮೂಳೆ ಸಿಡಿಯಲಿ ಅನ್ನೋ ಶಾಪವೇ ತಾಲ್ಮುಡ್‌ನಲ್ಲಿ ಇದೆ. ತಿಂಗಳು ಶುರುವಾಗುವುದನ್ನು ಸಾರುವ ಅಧಿಕಾರ ಮನುಷ್ಯನಿಗೆ ಕೊಟ್ಟವರು ಇಲ್ಲಿ ಮಾತ್ರ ಅವನ ಕೈ ಕಟ್ಟಿಹಾಕುತ್ತಾರೆ. ತಮಾಷೆ ನೋಡಿ, 1172ರ ಸುಮಾರಿಗೆ ಯೆಮೆನಿನ ಯಹೂದಿಗಳು ಬಲವಂತದ ಮತಾಂತರದಿಂದ ಕಂಗೆಟ್ಟು ಬರೆದಾಗ, ಲೆಕ್ಕ ಹಾಕಬೇಡಿ ಅಂತ ಬುದ್ಧಿ ಹೇಳಿದ ಮೈಮೊನಿಡೀಸನೇ, ನಮ್ಮ ಮನೆತನದಲ್ಲಿ ಬಂದ ಲೆಕ್ಕ ಒಂದಿದೆ ಅಂತ, ಪ್ರವಾದಿಗಳ ವಾಣಿ ಮತ್ತೆ ಕೇಳುವ ವರ್ಷವನ್ನೂ ಹೇಳಿಬಿಟ್ಟ. ನೊಂದವರಿಗೆ ಒಂದು ತಾರೀಖು ಬೇಕಾಗುತ್ತದೆ. 1665ರಲ್ಲಿ ಶಬ್ಬತಾಯ್ ಝ್ವಿ ತಾನೇ ಮೆಸ್ಸೀಯ ಅಂದಾಗ ಆಮ್‌ಸ್ಟರ್‌ಡ್ಯಾಮಿನಿಂದ ಯೆಮೆನಿನ ತನಕ ಜನ ಗಂಟುಮೂಟೆ ಕಟ್ಟಿದರು. ಮರುವರ್ಷ ಆತ ಸುಲ್ತಾನನ ಮುಂದೆ ಇಸ್ಲಾಮಿಗೆ ಸೇರಿದ. ಆ ಶಾಪ ಯಾಕಿತ್ತು ಅಂತ ಆಗ ಅರ್ಥವಾಗಿರಬೇಕು.

ಕೊನೆಗೆ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು: ‘ನಮ್ಮದು ಚಕ್ರದ ಕಾಲ, ಯುಗಗಳು ತಿರುಗುತ್ತವೆ. ಅವರದು ನೇರ ಗೆರೆಯ ಕಾಲ, ಸೃಷ್ಟಿಯಿಂದ ಕೊನೆಯ ತನಕ. ವ್ಯತ್ಯಾಸ ಇಷ್ಟೇ ಅಲ್ಲವೇ ಸಾರ್?’ ಎಲ್ಲ ಕಡೆ ಕೇಳುವ ಮಾತು ಇದು. ನಾನು ಒಪ್ಪುವುದಿಲ್ಲ ಅಂತ ಹೇಳಿದೆ. ವಾರ ತಿರುಗುತ್ತದೆ, ಹಬ್ಬಗಳು ತಿರುಗುತ್ತವೆ, ಏಳು ವರ್ಷಕ್ಕೊಮ್ಮೆ ಹೊಲ ಬೀಳುಬಿಡುತ್ತಾರೆ. ಗೆರೆಯೂ ಇದೆ, ಚಕ್ರವೂ ಇದೆ. ಬೇಕಿದ್ದರೆ ಸಿಮ್ಹಾತ್ ತೋರಾ ಅನ್ನೋ ಹಬ್ಬದ ದಿನ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಸಿನಗಾಗ್‌ಗೆ, ಹೋಗಿ ನೋಡಬೇಕು. ವರ್ಷವಿಡೀ ವಾರವಾರ ಓದಿಕೊಂಡು ಬಂದ ತೋರಾ ಅವತ್ತು ಮುಗಿಯುತ್ತದೆ. ಕೊನೆಯ ಅಧ್ಯಾಯದಲ್ಲಿ ಮೋಶೆ ಬೆಟ್ಟದ ಮೇಲಿಂದ ವಾಗ್ದತ್ತ ನಾಡನ್ನು ನೋಡುತ್ತಾನೆ, ಕಾಲಿಡದೆ ಅಲ್ಲೇ ಸಾಯುತ್ತಾನೆ. ಜನ ಇನ್ನೂ ನದಿ ದಾಟಿಲ್ಲ. ಮುಂದೇನಾಯಿತು ಅನ್ನೋ ಕಥೆ ಬೈಬಲ್ಲಿನ ಯೆಹೋಶುವನ ಪುಸ್ತಕದಲ್ಲಿದೆ (ಈ ಯೆಹೋಶುವ ಮೋಶೆಯ ನಂತರದ ನಾಯಕ, ಯವ್ನೆಯ ರಬ್ಬಿ ಅಲ್ಲ). ಆದರೆ ಅವರು ಮೊದಲು ತೆಗೆಯುವುದು ಅದನ್ನಲ್ಲ. ಇನ್ನೊಂದು ಸುರುಳಿ ಬಿಚ್ಚಿ, ಅದೇ ಬೆಳಿಗ್ಗೆ, ‘ಆದಿಯಲ್ಲಿ’ ಅಂತ ಮತ್ತೆ ಓದಲು ಶುರು ಮಾಡುತ್ತಾರೆ.